ಕೋವಿಯೂ ವಿಶ್ವಾಸವೂ

ಪ್ರತಿವರ್ಷವೂ ಸಪ್ಟೆಂಬರ್ 3ನೆಯ ತಾರೀಖು ಕೊಡಗಿನಲ್ಲಿ ಕೈಲುಮುಹೂರ್ತದ ಹಬ್ಬ. ನಾಟಿಯ ದುಡಿಮೆ ತೀರಿದ ಮೇಲೆ ಮನೆಯ ಆಯುಧಗಳನ್ನೆಲ್ಲ ಒಂದೆಡೆ ಇಟ್ಟು, ಕೋವಿಯ ನಳಿಗೆಗೆ ತೋಕ್‌ಪೂವನ್ನು ಮುಡಿಸಿ ಪೂಜಿಸುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುವುದು. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಪುತ್ತರಿಯ ಕದಿರು ಕೊಯ್ಯುವಾಗಲೂ ಒಂದು. ಪಟ್ಟಣವಾಸಿಗಳಾದ ನಮ್ಮ ವಾಚಕರಲ್ಲಿ ಹಲವರು ಇದನ್ನು ಕೇಳಿ ಬೆರಗಾಗಬಹುದು. ಬಂದೂಕನ್ನು ನೆನೆದೊಡನೆ ಅವರ ಕಣ್ಣ ಮುಂದೆ ನಿಲ್ಲುವವರು ಪೋಲೀಸರು, ಇಲ್ಲವೆ ದರೋಡೆಕೋರರು.

ನಾವು ಬಾಲ್ಯವನ್ನು ಕೊಡಗಿನಲ್ಲಿ ಕಳೆದವರು. ನಮ್ಮ ಮನೆಯಲ್ಲಿ ಕೋವಿಯಿರಲಿಲ್ಲ, ನೆರೆಮನೆಯಲ್ಲಿತ್ತು. ಆ ಮನೆಯ ಹಿರಿಯರು ನಮ್ಮ ಓರಗೆಯವನಾದ ತಮ್ಮ ಮೊಮ್ಮಗನಿಗೆ ಮೊದಲು ಕಲಿಸಿದುದು ಗುರಿಯಿಡುವುದನ್ನಲ್ಲ. ನಳಿಗೆಯನ್ನು ತೆರೆದು, ಒಳಗೆ ತೋಟೆಯಿಲ್ಲವೆಂದು ಕಣ್ಣಾರೆ ನೋಡುವುದನ್ನು. ಒಮ್ಮೆ ಆ ಹುಡುಗನು ಆಟಕ್ಕೆಂದು ಬರಿಗೋವಿಯನ್ನು ನಮ್ಮ ಕಡೆಗೆ ತಿರುಗಿಸಿದನು. ಹಿರಿಯರು ಅವನನ್ನು ಹೊಡೆಯಲಿಲ್ಲ, ಬೈಯಲೂ ಇಲ್ಲ; ಕೋವಿಯನ್ನು ತೆಗೆದುಕೊಂಡು ಗೋಡೆಗೆ ತೂಗುಹಾಕಿದರು. ಆ ವರ್ಷದ ಹಬ್ಬದಲ್ಲಿ ಊರಿನ ಹುಡುಗರೆಲ್ಲರೂ ಗುಂಡು ಹೊಡೆಯುತ್ತಿದ್ದಾಗ ಅವನೊಬ್ಬನು ಕಣ್ಣೀರಿಡುತ್ತ ನಿಂತಿದ್ದನು. ಅಜ್ಜನ ಮನಸ್ಸು ಕರಗಲಿಲ್ಲ. ಶಸ್ತ್ರವನ್ನು ಹಿಡಿಯುವವನಿಗೆ ಬೇಕಾದ ಮೊದಲನೆಯ ಗುಣ ಸಂಯಮವೆಂಬುದನ್ನು ನಾವು ಕಲಿತುದು ಅಂದು.

ಈ ಕೋವಿಯ ಹಿಂದೆ ಒಂದು ಕಹಿಯಾದ ಚರಿತ್ರೆಯೂ ಉಂಟು. 1857ರಲ್ಲಿ ದಂಗೆಗೆ ಬೆದರಿದ ಕಂಪೆನಿ ಸರಕಾರವು ಜನರ ಆಯುಧಗಳನ್ನು ಕಸಿದುಕೊಳ್ಳಲು ಕಾನೂನು ಮಾಡಿತು. ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ಸೈನ್ಯವು ಬಂದು ಊರನ್ನು ಸುಟ್ಟಿತು, ಹಲವರು ಗಲ್ಲಿಗೇರಿದರು. ಅವರ ಕಥೆ ಇಂದಿಗೂ ಲಾವಣಿಗಳಲ್ಲಿ ಬದುಕಿದೆ. ಆದರೆ ಕೊಡಗಿನವರಿಗೆ 1861ರಲ್ಲಿ ಮಾರ್ಕ್ ಕಬ್ಬನ್ ಅದೇ ಕಾನೂನಿನಿಂದ ವಿನಾಯಿತಿಯನ್ನಿತ್ತನು. ಅದು ರಾಜನಿಷ್ಠೆಗೆ ಸಂದ ಬಹುಮಾನ. ಆಯುಧವನ್ನು ಬಿಡೆವೆಂದ ಕನ್ನಡಿಗರಿಗೆ ನೇಣು, ದೊರೆಗಳ ಮೆಚ್ಚುಗೆಗೆ ಪಾತ್ರರಾದ ಕನ್ನಡನಾಡಿಗರಿಗೆ ಕೋವಿ! ಪರಕೀಯರ ನ್ಯಾಯವು ಇಂಥದು. 1878ರಲ್ಲಿ ಲಿಟ್ಟನ್ ಪ್ರಭುವಿನ ಶಸ್ತ್ರ ಕಾನೂನು ಬಂದಾಗಲೂ ಭಾರತೀಯನಿಗೆ ಪರವಾನಿಗೆಯ ಕಟ್ಟು, ಯೂರೋಪಿಯನ್ನನಿಗೆ ಬಿಡುಗಡೆ. ಅಹಿಂಸೆಯನ್ನೇ ವ್ರತವಾಗಿ ಹಿಡಿದ ಗಾಂಧೀಜಿಯವರೂ, ಇಡೀ ಜನಾಂಗವನ್ನು ನಿರಾಯುಧಗೊಳಿಸಿದ ಈ ಕಾನೂನನ್ನು ಬ್ರಿಟಿಷರ ಅಪಕೃತ್ಯಗಳಲ್ಲೆಲ್ಲ ಕರಾಳವಾದುದೆಂದು 1918ರಲ್ಲಿ ಬಗೆದಿದ್ದರು.

ಆದುದರಿಂದಲೇ 1931ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಶಸ್ತ್ರವನ್ನು ಹೊಂದುವ ಹಕ್ಕೂ ಸೇರಿತು. 1948ರ ಡಿಸೆಂಬರಿನಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಶ್ರೀ ಹೆಚ್. ವಿ. ಕಾಮತರು ಅದನ್ನು ರಾಜ್ಯಾಂಗಕ್ಕೆ ಸೇರಿಸಬೇಕೆಂದು ಸಂವಿಧಾನ ಸಭೆಯಲ್ಲಿ ವಾದಿಸಿದರು. ಪರರಾಳಿಕೆಯ ಕಾಲದ ಬೇಡಿಕೆ ಸ್ವತಂತ್ರ ದೇಶಕ್ಕೆ ಹೊಂದದು, ಹಕ್ಕೆಂದು ಬರೆದರೆ ದುಷ್ಕರ್ಮಿಗೂ ಅದು ದೊರೆತೀತು ಎಂಬುದು ಡಾ. ಅಂಬೇಡ್ಕರರ ಉತ್ತರ. ಸಭೆಯು ಅವರ ಮಾತನ್ನೇ ಒಪ್ಪಿತು. 1959ರ ಶಸ್ತ್ರ ಕಾನೂನು ಪರವಾನಿಗೆಯ ಪದ್ಧತಿಯನ್ನೇ ಮುಂದುವರಿಸಿತು.

ಡಾ. ಅಂಬೇಡ್ಕರರ ಶಂಕೆಯು ನಿರಾಧಾರವೆಂದು ನಾವು ಹೇಳಲಾರೆವು. ಮದುವೆಯ ಮೆರವಣಿಗೆಗಳಲ್ಲಿ ಮೋಜಿಗಾಗಿ ಹಾರಿಸಿದ ಗುಂಡು ಅಮಾಯಕರ ಪ್ರಾಣವನ್ನು ತೆಗೆದಿದೆ. ಅದಕ್ಕಾಗಿಯೇ 2019ರ ತಿದ್ದುಪಡಿಯು ಅಂಥ ಗುಂಡಾಟಕ್ಕೆ ಎರಡು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸಿದೆ. ಆ ಶಿಕ್ಷೆ ತಕ್ಕುದೇ ಸರಿ. ಆದರೆ ದುರುಳನು ಪರವಾನಿಗೆಗಾಗಿ ಕಛೇರಿಯ ಬಾಗಿಲನ್ನು ಕಾಯುವನೆ? ಕಾಯುವವನು ಕಾಡಂಚಿನ ಗೃಹಸ್ಥನು. ಹತ್ತಿರದ ಠಾಣೆ ಹತ್ತು ಮೈಲಿ ದೂರವಿರುವ ಒಂಟಿಮನೆಗೆ ಗೋಡೆಯ ಮೇಲಿನ ಕೋವಿಯೇ ಧೈರ್ಯ.

ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರವು 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಅವಧಿ ತೀರುವುದು 2029ರ ಅಕ್ಟೋಬರ್ 31ಕ್ಕೆ. ಅದು ಮುಂದುವರಿಯಬೇಕೆಂಬುದೇ ನಮ್ಮ ಮತ. ಆದರೆ ಕುಲವೊಂದನ್ನೇ ಆಧಾರವಾಗಿ ಹೇಳಿಕೊಂಡರೆ ಸಾಲದು. ಕುಲದಿಂದ ಕೋವಿ ಬಂದೀತು. ಅದನ್ನು ಹಿಡಿಯುವ ನಡತೆ ತಾನಾಗಿ ಬಾರದು. ಹೆಸರಿಗೆ ಕಳಂಕ ತರುವವನ ಕೈಯಿಂದ ಕೋವಿಯನ್ನು ಮೊದಲು ತೆಗೆಯಬೇಕಾದವರು ಮನೆಯ ಹಿರಿಯರು, ಬಳಿಕ ಸರಕಾರ. ಉಳಿದ ಜಿಲ್ಲೆಗಳ ಸಚ್ಚರಿತ ರೈತನು ಪರವಾನಿಗೆಯನ್ನು ಬೇಡಿದಾಗ ಅಧಿಕಾರಿಗಳು ವರ್ಷಗಟ್ಟಲೆ ಕಾಯಿಸದೆ, ಕೊಡುವುದಾದರೆ ಕೊಟ್ಟು, ಕೊಡದಿದ್ದರೆ ಕಾರಣವನ್ನು ಬರೆದು ತಿಳಿಸಬೇಕು.

ಪರಕೀಯ ದೊರೆಯು ಪ್ರಜೆಯ ಕೈಯ ಆಯುಧವನ್ನು ಕಂಡು ಹೆದರಿದುದು ಸಹಜ. ಮತವನ್ನು ಕೊಟ್ಟು ಸರಕಾರವನ್ನು ಕಟ್ಟುವ ಪ್ರಜೆಯನ್ನು ಅವನ ಸರಕಾರವೇ ಶಂಕಿಸುವುದು ಉಚಿತವಲ್ಲ. ಆ ವಿಶ್ವಾಸಕ್ಕೆ ತಕ್ಕವನಾಗಿ ನಡೆಯುವ ಭಾರ ಮಾತ್ರ ಪ್ರಜೆಯದು. ನೆರೆಮನೆಯ ಆ ಹುಡುಗನಿಗೆ ಮರುವರ್ಷದ ಹಬ್ಬದಂದು ಅಜ್ಜನೇ ಕೋವಿಯನ್ನು ಕೊಟ್ಟನು. ಅವನು ಮೊದಲು ನಳಿಗೆಯನ್ನು ತೆರೆದು ನೋಡಿದನು.