ತೆರಿಗೆ ತನಿಖೆ: ಬೆಳೆಗಾರರು ತಿಳಿದಿರಬೇಕಾದದ್ದು

ಕಿರಿಮಂಜೇಶ್ವರದ ಆಸುಪಾಸಿನ ರೈತ ಬಾಂಧವರಲ್ಲಿ ಕೆಲವರು ತಮ್ಮ ಅಡಿಕೆಯ ಜೊತೆಗೆ ನೆರೆಯವರದನ್ನೂ ಕೊಂಡು ಮಾರುವುದುಂಟು. ಸ್ವಂತ ಸಾಗುವಳಿಯ ಫಸಲನ್ನು ಮಾರುವ ಕೃಷಿಕರಿಗೆ ಜಿ.ಎಸ್.ಟಿ. ನೋಂದಣಿ ಬೇಕಿಲ್ಲ. ಕೊಂಡು ಮಾರಿದ್ದು ಮಾತ್ರ ವ್ಯಾಪಾರವೇ ಸರಿ. ರಾಜ್ಯದೊಳಗಿನ ಇಂತಹ ವಹಿವಾಟು ವರ್ಷಕ್ಕೆ 40 ಲಕ್ಷ ರೂ. ಮೀರಿದರೆ ನೋಂದಣಿ ಅಗತ್ಯ.

2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಗಳನ್ನು ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟೀಸು ನೀಡಿತು. ತೆರಿಗೆಯಿಲ್ಲದ ತರಕಾರಿ, ಹಾಲು ಮಾರುವವರಿಗೂ ಅದು ತಲುಪಿತು. ಜಮೆಯಾದ ಹಣವೆಲ್ಲ ತೆರಿಗೆಗೆ ಒಳಪಡುವುದಿಲ್ಲ. ಆದರೆ ಅದನ್ನು ದಾಖಲೆಯಿಂದ ತೋರಿಸಬೇಕು.

ನೋಂದಾಯಿತ ವ್ಯಾಪಾರಿಯ ಲೆಕ್ಕ ತಪಾಸಣೆಗೆ ಕನಿಷ್ಠ 15 ಕೆಲಸದ ದಿನ ಮೊದಲು ನೋಟೀಸು ಕೊಡಬೇಕು. ತಪಾಸಣೆ ಆರಂಭವಾದ ಮೇಲೆ ಸಾಮಾನ್ಯವಾಗಿ 3 ತಿಂಗಳಲ್ಲಿ ಮುಗಿಯಬೇಕು. ಶೋಧನೆಗೆ ಮುನ್ಸೂಚನೆ ಇರದು. ಜಂಟಿ ಆಯುಕ್ತರ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಲಿಖಿತ ಅಧಿಕಾರಪತ್ರವಿರಬೇಕು. ಅದನ್ನು ಕೇಳಿ ನೋಡಿರಿ. ಒಯ್ದ ಪುಸ್ತಕಗಳ ಪಟ್ಟಿಯನ್ನು ಪಡೆಯಿರಿ. ಓದದೆ ಸಹಿ ಹಾಕಬೇಡಿ. ನೋಟೀಸಿಗೆ ಗಡುವಿನೊಳಗೆ ಉತ್ತರಿಸಿರಿ.

ಆದ್ದರಿಂದ ತೋಟದ ಹಣಕ್ಕೊಂದು, ವ್ಯಾಪಾರಕ್ಕೊಂದು ಬ್ಯಾಂಕ್ ಖಾತೆ ಇಡಿರಿ. ಪಹಣಿ, ಕೊಯ್ಲಿನ ಲೆಕ್ಕ, ತೂಕದ ಚೀಟಿ, ಮಾರಾಟದ ಬಿಲ್ಲುಗಳನ್ನು ವರ್ಷವಾರು ಜೋಡಿಸಿಡಿರಿ. ಗೊಬ್ಬರದ ಲೆಕ್ಕ ಬರೆಯುವ ಪುಸ್ತಕದಲ್ಲಿಯೇ ಇದಕ್ಕೂ ಎರಡು ಪುಟ ಮೀಸಲಿಟ್ಟರೆ ಸಾಕು.