ಮೊಬೈಲ್ ಒತ್ತೋಕೆ ಬಂದ್ರೆ ಸಾಕಾ?

ವೀಕ್ಷಕರೇ, ‘ನಮ್ಮ ಮಗ ಮೊಬೈಲ್‌ನಲ್ಲಿ ಎಕ್ಸ್‌ಪರ್ಟು’ ಅನ್ನದ ಅಪ್ಪ-ಅಮ್ಮ ಇದ್ದಾರಾ? ಆದರೆ ಅದನ್ನ ಅಳೆಯೋದು ಹೇಗೆ?

ಕಲಿಕೆಯ ಆ್ಯಪ್‌ಗಳು ಒಂದು ಲೆಕ್ಕ ಕೊಡುತ್ತವೆ: ಎಷ್ಟು ಸಲ ಲಾಗಿನ್, ಎಷ್ಟು ನಿಮಿಷ ವಿಡಿಯೋ. ನೋಡಿ, ಇದು ಹಾಜರಿ ಪುಸ್ತಕ ಅಷ್ಟೇ. ಕ್ಲಾಸಲ್ಲಿ ಕೂತವರೆಲ್ಲ ಕಲಿತರು ಅಂತ ಅರ್ಥವಲ್ಲ.

ಇನ್ನೊಂದು ದಾರಿ, ಕೆಲಸ ಕೊಟ್ಟು ನೋಡೋದು. 2023ರ ಅಸರ್ ಸಮೀಕ್ಷೆ ಮಾಡಿದ್ದು ಅದನ್ನೇ. 26 ರಾಜ್ಯಗಳ 28 ಜಿಲ್ಲೆಗಳ ಹಳ್ಳಿಗಳಲ್ಲಿ 14ರಿಂದ 18 ವರ್ಷದವರಿಗೆ ಸ್ಮಾರ್ಟ್‌ಫೋನ್ ತರಲು ಹೇಳಿ ಪರೀಕ್ಷಿಸಿದರು. ಪರೀಕ್ಷೆಗೆ ಕೂತವರಲ್ಲಿ ಯೂಟ್ಯೂಬ್ ವಿಡಿಯೋ ಹುಡುಕಿದವರು ಸುಮಾರು ಶೇ. 80. ಹೇಳಿದ ಹೊತ್ತಿಗೆ ಅಲಾರಂ ಇಟ್ಟವರು ಮೂರರಲ್ಲಿ ಇಬ್ಬರು. ಗೂಗಲ್ ಮ್ಯಾಪ್ಸ್ ನೋಡಿ ಪ್ರಯಾಣಕ್ಕೆ ಎಷ್ಟು ಹೊತ್ತು ಬೇಕು ಅಂತ ಹೇಳಿದವರು? ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ!

ಎಲ್ಲ ಕೆಲಸಗಳಲ್ಲೂ ಹುಡುಗಿಯರು ಹಿಂದೆ. ದಡ್ಡರು ಅಂತಾನಾ? ಖಂಡಿತ ಅಲ್ಲ. ಫೋನ್ ಬಳಸಬಲ್ಲ ಹುಡುಗರಲ್ಲಿ ಸ್ವಂತ ಫೋನ್ ಇದ್ದವರು ಶೇ. 43.7, ಹುಡುಗಿಯರಲ್ಲಿ ಬರೀ ಶೇ. 19.8. ಕೈಗೇ ಸಿಗದ ಫೋನಲ್ಲಿ ಕಲಿಯೋದಾದ್ರೂ ಹೇಗೆ?

ಹಾಗಾಗಿ ಅಂಕಿಅಂಶ ಇರಬೇಕಾದ್ದು ಮಗುವಿಗೆ ರ‍್ಯಾಂಕ್ ಕೊಡೋಕಲ್ಲ. ಮಗು ಎಲ್ಲಿ ತಡವರಿಸಿತು, ಯಾಕೆ ತಡವರಿಸಿತು ಅಂತ ಮೇಷ್ಟ್ರಿಗೆ ಗೊತ್ತಾಗಬೇಕು. ಮುಂದಿನ ಪಾಠ ಅಲ್ಲಿಂದ ಶುರುವಾಗಬೇಕು.

ಇವತ್ತು ಮನೆಯಲ್ಲಿ ಒಂದು ಕೆಲಸ ಮಾಡಿ. ಮಗಳ ಕೈಗೂ ಫೋನ್ ಕೊಡಿ. ಅಜ್ಜಿ ಊರಿಗೆ ಎಷ್ಟು ಹೊತ್ತಿನ ದಾರಿ, ಹುಡುಕಿ ಹೇಳಮ್ಮಾ ಅನ್ನಿ. ಬರಲಿಲ್ವಾ? ಬೈಬೇಡಿ, ಪಕ್ಕದಲ್ಲಿ ಕೂತು ಕಲಿಸಿ.