ಮೊಬೈಲಿನಲ್ಲಿ ಶಾಸನ ಸಂಪುಟ: ಪಠ್ಯ ಜೇಬಿನಲ್ಲಿರಲಿ, ಚಿತ್ರ ಹರಿದು ಬರಲಿ

ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೊದಲ ಸಂಪುಟ, ಅಂದರೆ ಕೊಡಗಿನ ಶಾಸನಗಳು, ಅಚ್ಚಾದದ್ದು 1886ರಲ್ಲಿ. ಆ ಮಾಲೆಯ ಹಳೆಯ ಸಂಪುಟಗಳ ಸ್ಕ್ಯಾನ್ ಪ್ರತಿಗಳು ಈಗ ಅಂತರ್ಜಾಲದಲ್ಲಿ ಸಿಗುತ್ತವೆ, ಸಂತೋಷ. ಆದರೆ ಊರಾಚೆಯ ಗುಡಿ ಮುಂದೆ ನಿಂತು, ಕಲ್ಲಿನ ಒಂದು ಸಾಲನ್ನು ಅಚ್ಚಿನ ಪಾಠದ ಜೊತೆ ಹೋಲಿಸಿ ನೋಡೋಣ ಅಂದ್ರೆ? ನೂರಾರು ಪುಟಗಳ ಪಿಡಿಎಫ್ ಇಳಿಯುವಷ್ಟರಲ್ಲಿ ಅಕ್ಷರ ಎದ್ದು ಕಾಣಿಸುವ ಓರೆ ಬಿಸಿಲು ಹೋಗಿರುತ್ತದೆ. ಇಳಿದರೂ ಕೆಲಸ ಮುಗಿಯಲಿಲ್ಲ. ರೈಸ್ ಸಂಪುಟಗಳಲ್ಲಿ ಒಂದೇ ಶಾಸನದ ಕನ್ನಡ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಮೂರೂ ಬೇರೆ ಬೇರೆ ಭಾಗಗಳಲ್ಲಿವೆ.

ಹಾಗಾಗಿ ಶಾಸನಗಳಿಗೆಂದೇ ಓದುವ ಆ್ಯಪ್ ಕಟ್ಟುವವರು ಮೊದಲು ತೀರ್ಮಾನಿಸಬೇಕಾದದ್ದು ಇಷ್ಟು: ಇಲ್ಲಿ ಓದಿನ ಘಟಕ ಪುಸ್ತಕವೂ ಅಲ್ಲ, ಪುಟವೂ ಅಲ್ಲ, ಶಾಸನ. ತಾಲ್ಲೂಕು, ಸಂಖ್ಯೆ ಒತ್ತಿದರೆ ಮೂರು ಭಾಗಗಳೂ ಒಟ್ಟಿಗೆ ತೆರೆಯಬೇಕು.

ಇನ್ನು ತೂಕದ ಲೆಕ್ಕ ನೋಡಿ. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಒಂದು ಕನ್ನಡ ಸಂಕೇತಕ್ಕೆ 3 ಬೈಟ್. ಸಾವಿರ ಸಂಕೇತಗಳ ಶಾಸನ ಅಂದರೂ ಬರೀ 3 ಕಿಲೋಬೈಟ್. ಭಾರವೆಲ್ಲ ಚಿತ್ರದ್ದು. 4000 ಅಗಲ, 6000 ಎತ್ತರದ ಪಿಕ್ಸೆಲ್ ಇರುವ ಪುಟವನ್ನು 256 ಪಿಕ್ಸೆಲ್ ಚೌಕಗಳಾಗಿ ಕತ್ತರಿಸಿದರೆ 384 ತುಂಡು. ಪೂರ್ತಿ ಹಿಗ್ಗಿಸಿ ನೋಡುವಾಗಲೂ ಫೋನಿನ ಪರದೆಗೆ ಒಮ್ಮೆಗೆ ಬೇಕಾಗುವುದು ಐವತ್ತು ಅರವತ್ತು ತುಂಡು ಮಾತ್ರ. ಉಳಿದವನ್ನು ಬೆರಳು ಸರಿದಾಗ ತರಿಸಿಕೊಂಡರೆ ಸಾಕು. ಐಐಐಎಫ್ ಎಂಬ ಚಿತ್ರ-ಸೇವಾ ಮಾನದಂಡ ಇದನ್ನೇ ಮಾಡಿಕೊಡುತ್ತದೆ. ಹಸ್ತಪ್ರತಿ ಗ್ರಂಥಾಲಯಗಳು ಈಗಾಗಲೇ ಬಳಸುತ್ತಿವೆ. ಆದ್ದರಿಂದ ಪಠ್ಯವನ್ನು ಫೋನಿನಲ್ಲೇ ಇಟ್ಟುಬಿಡಿ, ಚಿತ್ರವನ್ನು ಮಾತ್ರ ಸ್ಟ್ರೀಮ್ ಮಾಡಿ. ನೆಟ್‌ವರ್ಕ್ ಇಲ್ಲದ ಊರಿನಲ್ಲೂ ಪಾಠವಂತೂ ಕೈಯಲ್ಲಿರುತ್ತದೆ.

ಆದರೆ ಆ ಪಠ್ಯ ಹೇಗಿರಬೇಕು? ಸಾಮಾನ್ಯ ಇ-ಪುಸ್ತಕದಲ್ಲಿ ಅಕ್ಷರ ದೊಡ್ಡದು ಮಾಡಿದರೆ ಸಾಲುಗಳು ತಾವಾಗಿ ಮುರಿದು ಜೋಡಿಕೊಳ್ಳುತ್ತವೆ. ಕಾದಂಬರಿಗೆ ಅದು ವರ, ಶಾಸನಕ್ಕೆ ಶಾಪ! ಹಲ್ಮಿಡಿ ಶಾಸನದ 16 ಸಾಲುಗಳಲ್ಲಿ 15 ಮುಂಭಾಗದಲ್ಲಿವೆ, ಇನ್ನೊಂದು ಬದಿಯಲ್ಲಿದೆ. ಎಲ್ಲವನ್ನೂ ಒಂದೇ ಪ್ಯಾರಾ ಮಾಡಿಬಿಟ್ಟರೆ ಕಲ್ಲಿನ ಈ ವಿನ್ಯಾಸವೇ ಅಳಿಸಿಹೋಗುತ್ತದೆ. ಸಾಲು ಎಲ್ಲಿ ಮುರಿಯಿತು, ಯಾವ ಅಕ್ಷರ ಸವೆದಿದೆ, ಯಾವುದು ಸಂಪಾದಕರ ಊಹೆ ಎಂಬುದನ್ನೆಲ್ಲ ಗುರುತಿಸಿಡಲು ‘ಎಪಿಡಾಕ್’ ಎಂಬ ಪದ್ಧತಿ ಇದೆ. ಅದರಲ್ಲಿ ಬರೆದಿಟ್ಟ ಪಾಠದಲ್ಲಿ ಸಾಲಿನ ಸಂಖ್ಯೆ ಕಳೆಯುವುದಿಲ್ಲ. ಪ್ರತಿ ಸಾಲಿಗೂ ಚಿತ್ರದಲ್ಲಿನ ಅದರ ಜಾಗವನ್ನು ಜೋಡಿಸಿಟ್ಟರೆ, ಸಾಲು ಮುಟ್ಟಿದಾಗ ಚಿತ್ರದ ಅಷ್ಟು ಭಾಗ ಮಾತ್ರ ಇಳಿಯುತ್ತದೆ.

ಕೊನೆಯದು ಅಕ್ಷರದ ಪ್ರಶ್ನೆ. ಹಳಗನ್ನಡದಲ್ಲಿ ‘ಬಾಳ್’ ಅಂದರೆ ಕತ್ತಿ, ‘ಬಾೞ್’ ಅಂದರೆ ಬದುಕು. ‘ಅಳಿ’ ದುಂಬಿ, ‘ಅೞಿ’ ನಾಶಮಾಡು. ೞ ಬದಲು ಳ ಹಾಕಿದರೆ ಶಾಪಾಶಯದ ವಾಕ್ಯದಲ್ಲಿ ದುಂಬಿ ಹಾರೀತು! ಯೂನಿಕೋಡಿನಲ್ಲಿ ೞಕಾರಕ್ಕೆ ಆರಂಭದಲ್ಲೇ ‘ಎಫ್‌ಎ’ ಎಂಬ ತಪ್ಪು ಹೆಸರು ಬಿತ್ತು. ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮ ಇರುವುದರಿಂದ ಸರಿ ಹೆಸರು ಈಗ ಪರ್ಯಾಯನಾಮವಾಗಿ ಮಾತ್ರ ಉಳಿದಿದೆ. ನಕಾರ ಪೊಲ್ಲು ಯೂನಿಕೋಡಿಗೆ ಸೇರಿದ್ದೇ 2021ರಲ್ಲಿ. ಹಳೆಯ ಫೋನುಗಳ ಫಾಂಟಿನಲ್ಲಿ ಇವು ಖಾಲಿ ಚೌಕವಾಗಿ ಕಾಣಬಹುದು. ಆದ್ದರಿಂದ ಆ್ಯಪ್ ತನ್ನ ಫಾಂಟನ್ನು ತಾನೇ ಹೊತ್ತು ತರಬೇಕು. ಹುಡುಕಾಟದಲ್ಲಿ ಮಾತ್ರ ಉದಾರತೆ ಇರಲಿ: ಓದುಗರು ಳ ಒತ್ತಿದರೂ ೞ ಇರುವ ಪದ ಸಿಗಲಿ, ಪರದೆಯ ಮೇಲೆ ಮೂಲ ಅಕ್ಷರವೇ ಕಾಣಲಿ.

ಮುಂದೆ ಇಂಥ ಆ್ಯಪ್ ನಿಮ್ಮ ಕೈಗೆ ಬಂದರೆ ಮೂರು ಪರೀಕ್ಷೆ ಮಾಡಿ ನೋಡಿ. ಅಕ್ಷರ ಹಿಗ್ಗಿಸಿ, ಸಾಲುಸಂಖ್ಯೆ ಉಳಿಯಿತೇ? ೞ ಇರುವ ಪದ ತೆರೆಯಿರಿ, ಸರಿಯಾಗಿ ಮೂಡಿತೇ? ನೆಟ್ ಆರಿಸಿ, ಪಾಠ ಉಳಿಯಿತೇ? ಮೂರಕ್ಕೂ ಹೌದು ಅಂತ ಬಂದರೆ ಧೈರ್ಯವಾಗಿ ಕಲ್ಲಿನ ಮುಂದೆ ನಿಲ್ಲಬಹುದು.